ಉಪ್ಪುನೀರಲ್ಲಿ ತೇಲಿದ ಕಪ್ಪು ಕಾಳು

ಎಪ್ಪತ್ತರ ದಶಕದ ಮಾತು. ದೇವದುರ್ಗದಿಂದ ಮಸರಕಲ್ ಕಡೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಸಜ್ಜೆ ಹೂವಾಡುವಾಗ ಜಿಟಿಜಿಟಿ ಮಳೆ ಹಿಡಿದು, ತೆನೆಗಳಿಂದ ಜೇನಿನಂಥ ಅಂಟು ಒಸರಿತು. ಬೆರಳಿಗೆ ಹಚ್ಚಿಕೊಂಡು ನೆಕ್ಕಿದೆ, ಸಿಹಿ! "ಭೂಮಿತಾಯಿ ಹಾಲು ಇಳಿಸ್ಯಾಳ ಬೇ," ಎಂದು ಅಜ್ಜಿ ತೆನೆಗೆ ಕುಂಕುಮ ಹಚ್ಚಿ ಕೈಮುಗಿದಳು. ರಾಶಿಯಲ್ಲಿ ಉದ್ದುದ್ದ ಕಪ್ಪು ಕಾಳು ಕಂಡಾಗಲೂ, ತಾಯಿ ಮುಟ್ಟಿದ ಬೆಳೆಯಲ್ಲಿ ಹೆಕ್ಕಿ ಬಿಸಾಡಬಾರದೆಂದು ಹಟ ಹಿಡಿದಳು. ಅವಳೆದುರು ನಮ್ಮಪ್ಪನೂ ಕಮಕ್ ಕಿಮಕ್ ಅನ್ನುತ್ತಿರಲಿಲ್ಲ.

ಹೊಸ ಕಾಳಿನ ಮೊದಲ ರೊಟ್ಟಿ ಮನೆಯ ಬಸುರಿಗೆ, ಅದು ನಮ್ಮಲ್ಲಿಯ ಪದ್ಧತಿ. ಚೊಚ್ಚಲ ಬಸುರಿ ಅಕ್ಕ ತವರಿಗೆ ಬಂದಿದ್ದಳು. ಎಳ್ಳು ಹಚ್ಚಿದ ಬಿಸಿ ರೊಟ್ಟಿಗೆ ಬೆಣ್ಣೆ ಸವರಿ ಅಜ್ಜಿ ಕೈಯಾರೆ ತಿನ್ನಿಸಿದಳು. ಆಮೇಲೆ ನಾವೂ ಉಂಡೆವು. ಅಜ್ಜಿಗೆ ಅಂದು ಸೋಮವಾರದ ಉಪವಾಸ.

ಸ್ವಲ್ಪ ಹೊತ್ತಿಗೇ ಮನೆಯ ಗೋಡೆಗಳು ತಿರುಗತೊಡಗಿದವು. ಉಂಡವರೆಲ್ಲ ವಾಂತಿ ಮಾಡಿ, ಬಿದ್ದಲ್ಲೇ ನಿದ್ದೆಹೋದೆವು. ಮರುದಿನ ನಾವೆದ್ದೆವು, ಅಕ್ಕ ಏಳಲಿಲ್ಲ. ಉಸಿರಿತ್ತು, ಕರೆದರೆ ಓಗೊಡಲಿಲ್ಲ. ಅಜ್ಜಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. "ಉಣಿಸಿದ ಕೈಗೆ ಹುಳ ಬೀಳ್ಲಿ. ಕಣ್ಣು ತೆರಿಯೇ ನನ್ನವ್ವಾ," ಎಂದು ಗೋಳಾಡಿದಳು. ಅಜ್ಜಿ ಅಳುವುದನ್ನು ನಾನು ಕಂಡೇ ಇರಲಿಲ್ಲ, ನನಗೆ ಜೀವ ಬಾಯಿಗೆ ಬಂತು. ಸಂಜೆಗೆ ಅಕ್ಕ ಕಣ್ಣು ಬಿಟ್ಟು ನೀರು ಕೇಳಿದಳು. ಹೊಟ್ಟೆಯಲ್ಲಿ ಕೂಸೂ ಒದೆಯಿತಂತೆ.

ಊರಲ್ಲಿ ಇನ್ನೂ ಕೆಲವು ಮನೆಗಳಲ್ಲಿ ಹೀಗೇ ಆಗಿತ್ತು. ರಾಯಚೂರಿನಿಂದ ಜೀಪಿನಲ್ಲಿ ಕೃಷಿ ಇಲಾಖೆಯವರೊಬ್ಬರು ಬಂದು ಕಪ್ಪು ಕಾಳು ಎತ್ತಿ ತೋರಿಸಿದರು. "ಇದು ತೆನಿಗೆ ಹತ್ತೋ ಬೂಷ್ಟು ರೀ. ಹಿಂದ ಪರದೇಶದಾಗ ಇಂಥಾದ್ದನ್ನ ತಿಂದು ಮಂದಿ ಕೈಕಾಲು ಕಪ್ಪಾಗಿ ಉದುರ್ಯಾವ. ಊರಿಗೆ ಊರೇ ಸೆಟೆದು ಬಿದ್ದು ಒದ್ದಾಡ್ಯಾವ." ಇಷ್ಟೇ ಇಷ್ಟು ಕಾಳಿಗೆ ಅಷ್ಟು ಶಕ್ತಿಯೇ! ಅವರು ಕೊಪ್ಪರಿಗೆಯಲ್ಲಿ ಉಪ್ಪು ಕದಡಿ ಸಜ್ಜೆ ಸುರಿಸಿದರು. ಅಬ್ಬಬ್ಬಾ, ಕಪ್ಪು ಕಾಳೆಲ್ಲ ಮೇಲೆದ್ದು ಬಂದವು, ಸಜ್ಜೆ ತಳದಲ್ಲಿ ಕೂತಿತು! "ತೇಲಿದ್ದು ತೆಗದು ಸುಡ್ರಿ. ಮುಳುಗಿದ್ದು ತೊಳದು ಒಣಗಿಸಿ ಉಣ್ರಿ," ಎಂದು ಹೋದರು.

ಆ ಕಾಳು ಬೀಸಿ ರೊಟ್ಟಿ ಬಡಿದ ದಿನ ಅವ್ವ ಪದ್ಧತಿಯಂತೆ ಮೊದಲನೆಯದನ್ನು ಅಕ್ಕನ ಮುಂದಿಟ್ಟಳು. ಅಜ್ಜಿ ಅದನ್ನು ಕಸಿದುಕೊಂಡಳು.

"ಇದು ನಂದು. ಹೊತ್ತು ಮುಳುಗೂತನಕ ಉಳಿದ ರೊಟ್ಟಿ ಯಾರರ ಮುಟ್ಟಿದ್ರ ಕೈ ಮುರೀತೀನಿ."

ಪೂರ್ತಿ ತಿಂದು ಕಟ್ಟೆಯ ಮೇಲೆ ಕೂತಳು. ತನಗೆ ನಿದ್ದೆ ಬಂದಿಲ್ಲವೆಂದು ನಮಗೆ ಗೊತ್ತಾಗಲೆಂದೋ ಏನೋ, ದಿನವಿಡೀ ಅವ್ವನನ್ನು, ನನ್ನನ್ನು, ಹಾದು ಹೋದ ಆಡುಗಳನ್ನೂ ಬಿಡದೆ ಬೈದಳು. ಬೈಗುಳ ಕೇಳಿ ನನಗೆ ಅಷ್ಟು ಸಮಾಧಾನ ಎಂದೂ ಆಗಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಒಳಬಂದು ರೊಟ್ಟಿ ಮುರಿದು, "ಇನ್ನ ನೀ ಉಣ್ಣವ್ವಾ," ಎಂದಳು. ಅಕ್ಕ ಕೂಡಲೇ ಬಾಯಿ ತೆರೆದಳು. ಅಜ್ಜಿಯ ಕೈಯಿಂದ ತುತ್ತು ಬಾಯಿ ಮುಟ್ಟುವ ಮೊದಲೇ ಬಿದ್ದುಹೋಯಿತು. ಅಕ್ಕ ಅದನ್ನು ಎತ್ತಿ ತಾನೇ ತಿಂದಳು.