ಹುಣಸೆ ಬೀಜದ ವೋಟು

ನಮ್ಮೂರು ದೇವದುರ್ಗದಿಂದ ಮಾನ್ವಿಗೆ ಹೋಗಬೇಕೆಂದರೆ ಸಿರವಾರದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯಬೇಕಿತ್ತು. ಅದು ನಲವತ್ತರ ದಶಕ. ಬಸ್ಸು ಬಂದರೆ ಬಂತು, ಇಲ್ಲವಾದರೆ ಹತ್ತಿ ಹೇರಿದ ಬಂಡಿಯೇ ಗತಿ. ಆ ದಾರಿಯಲ್ಲಿ ಕಾದು ಕಾದು ನನ್ನ ಹುರುಪೆಲ್ಲ ಇಂಗಿಹೋಯಿತು. ಹಳೆಯ ಗೆಳೆಯರನ್ನು ವರ್ಷಕ್ಕೊಮ್ಮೆ ಕೂಡಿಸುವ ಕೆಲಸ ಹೇಗೋ ಏನೋ ನನ್ನ ಕೊರಳಿಗೇ ಬಿದ್ದಿತ್ತು.

ರಾಯಚೂರಿನಲ್ಲಿ ಓದುವಾಗ ನಮ್ಮ ಮಾಸ್ತರರೊಬ್ಬರು ಬೇಸಿಗೆಯ ರಜೆಯಲ್ಲಿ ಹುಡುಗರನ್ನು ಸೇರಿಸಿ ಪೌರನೀತಿಯ ತರಗತಿ ನಡೆಸಿದ್ದರು. ಸಭೆ ಹೇಗೆ ನಡೆಸಬೇಕು, ಕೋರಂ ಎಂದರೆ ಕನಿಷ್ಠ ಎಷ್ಟು ಜನ ಕೂಡಿರಬೇಕು, ತಹಶೀಲಿಗೆ ಅರ್ಜಿ ಹೇಗೆ ಬರೆಯಬೇಕು, ಒಬ್ಬ ಮಾತಾಡುವಾಗ ಉಳಿದವರು ಹೇಗೆ ಬಾಯಿ ಮುಚ್ಚಿಕೊಂಡಿರಬೇಕು, ಇವೇ ಪಾಠ. ನಿಜಾಮರ ರಾಜ್ಯದಲ್ಲಿ ನಮ್ಮಂಥವರಿಗೆ ವೋಟೆಲ್ಲಿತ್ತು? ಆದರೂ ಗಡಿಗೆಯ ಬಾಯಿಗೆ ಬಟ್ಟೆ ಮುಚ್ಚಿ, ಒಪ್ಪಿದವರು ಹುಣಸೆ ಬೀಜ, ಒಪ್ಪದವರು ಕಡಲೆಕಾಳು ಹಾಕುತ್ತಿದ್ದೆವು. "ಎಲ್ಲಾದಕ್ಕೂ ವೋಟ್ ಹಾಕ್ರಿ, ಕೈ ಪಳಗಲಿ" ಎನ್ನುತ್ತಿದ್ದರು ಮಾಸ್ತರು. ಮಧ್ಯಾಹ್ನ ನಿದ್ದೆ ಮಾಡಬೇಕೋ ಬೇಡವೋ ಎಂಬುದಕ್ಕೂ ಹಾಕಿದ್ದೇವೆ. ಊಟಕ್ಕೆ ಮಾತ್ರ ವೋಟಿರಲಿಲ್ಲ. ಎಲ್ಲರ ಬುತ್ತಿಯನ್ನೂ ಒಂದೇ ಧೋತರದ ಮೇಲೆ ಬಿಚ್ಚಬೇಕು, ಕೈಗೆ ಬಂದ ರೊಟ್ಟಿ ತಿನ್ನಬೇಕು. ಅದು ಅವರ ಕಟ್ಟಪ್ಪಣೆ.

ನಮ್ಮೊಳಗೊಬ್ಬ ಮಾನ್ವಿಯವನು; ಅವನು ಗುಂಪಿಗೆ ಬಂದದ್ದು ಊರು ಮುಟ್ಟಿಸಿಕೊಳ್ಳದ ಕೇರಿಯಿಂದ. ಆಗ ರಾಯಚೂರಿನಲ್ಲೇ ಇದ್ದ ಅವನವ್ವ ಕೂಲಿಗೆ ಹೋಗುವ ಮೊದಲು ಮಾಡಿ ಕಟ್ಟಿದ ಪುಂಡಿಪಲ್ಯಕ್ಕೆ ನಾವು ಕಿತ್ತಾಡುತ್ತಿದ್ದೆವು. ಕೊನೆಯ ದಿನ ವರ್ಷಕ್ಕೊಮ್ಮೆ ಕೂಡುವುದೆಂದು ಗೊತ್ತುವಳಿಯಾಯಿತು. ಕಡಲೆಕಾಳು ಒಂದೂ ಬೀಳಲಿಲ್ಲ.

ಮೊದಲೆರಡು ಸಲ ಛಂದ ನಡೆಯಿತು. ಮೂರನೆಯ ಸಲ ರಾಯಚೂರಿನಲ್ಲಿ, ಹತ್ತಿ ಗಿರಣಿ ಸಾಹುಕಾರನ ಮಗನ ಮನೆಯಲ್ಲಿ ಕೂಡಿದೆವು. ಅವನೂ ನಮ್ಮ ತರಗತಿಯವನೇ. ಊಟದ ಹೊತ್ತಿಗೆ ಅವನು ಕೈ ಹಿಸುಕಿಕೊಳ್ಳುತ್ತ ಬಂದು ಮಾನ್ವಿಯವನ ಕಡೆ ಕಣ್ಣು ತೋರಿಸಿದ.

"ನಮ್ಮಪ್ಪ ಒಂದೀಟು ಹಳೇ ಕಾಲದಾವ್ರು. ಇವ ಒಳಗ ಕುಂತು ಉಂಡ್ರ ಗದ್ಲ ಆಗ್ತದ. ಹಿಂಗ ಮಾಡೂಣು, ವೋಟ್ ಹಾಕೂಣು. ಸಭಿ ಹೂಂ ಅಂದ್ರ ಅಪ್ಪಗ ನಾ ಹೇಳ್ತೀನಿ."

ಇದು ನಮ್ಮಂಥವರಿಗೇ ಹೊಳೆಯುವ ಉಪಾಯ. ಬೇರೆ ಯಾರಾದರೂ ಜಗಳವಾಡುತ್ತಿದ್ದರು, ಇಲ್ಲವೆ ಎದ್ದು ಹೋಗುತ್ತಿದ್ದರು. ನಾವು ಗಡಿಗೆ ತರಿಸಿದೆವು. ಮಾನ್ವಿಯವನ ಕೈಗೂ ಬೀಜ, ಕಾಳು ಕೊಟ್ಟೆವು, ಸಭೆಯ ಸದಸ್ಯನಲ್ಲವೆ! ಸುರುವಿ ನೋಡಿದರೆ ಎಲ್ಲವೂ ಹುಣಸೆ ಬೀಜ, ಒಂದೇ ಒಂದು ಕಡಲೆ. "ಗೆದ್ದಿ ಬಿಡಲೇ!" ಎಂದು ಯಾರೋ ಅವನ ಬೆನ್ನು ಚಪ್ಪರಿಸಿದರು. ಕಡಲೆ ಹಾಕಿದವನು ಯಾರೆಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಕಡ್ಲಿ ನಂದು" ಎಂದ ಅವನು. "ಇವತ್ತು ಹೂಂ ಅಂದೀರಿ. ನಾಳಿ ಮತ್ತ ಗಡಿಗಿ ತಂದು ಊಂಹೂಂ ಅಂತೀರಿ. ನಾ ಉಣ್ಣೂದು ನೀವು ಕೂಡಿ ಗೊತ್ತು ಮಾಡೂದಲ್ಲ." ಬುತ್ತಿಯನ್ನು ಬಗಲಿಗೇರಿಸಿ ಹೊರಟುಹೋದ. ನನಗೆ ಅವಮಾನವಾಯಿತು, ಸಿಟ್ಟೂ ಬಂತು. ಬಡಿಸಿದ್ದನ್ನು ಯಾರೂ ಸರಿಯಾಗಿ ಉಣ್ಣಲಿಲ್ಲ.

ಮುಂದಿನ ವರ್ಷ ಅವನನ್ನು ಕರೆಯಲು ನಾನು ಮಾನ್ವಿಗೆ ಹೋದೆ. ಅವನಿಲ್ಲದೆ ಈ ಕೂಟ ಇದ್ದೂ ಇಲ್ಲದಂತೆ ಅನಿಸಿತ್ತು. ಅವನು, "ಆಯ್ತು. ಈ ಸಲ ನಮ್ಮ ಮನ್ಯಾಗ ಕೂಡೂಣು. ಎಲ್ಲಾರಿಗೂ ಹೇಳು" ಎಂದ.

ನಾನು ಬಸ್ಸು ಹತ್ತಿ, ಇಳಿದು, ಕಾಲು ಸವೆಸಿ ಎಲ್ಲರಿಗೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಗಿರಣಿಯವನಂತೂ "ಬರದೇ ಇರ್ತೀನೇನಲೇ?" ಎಂದು ನನ್ನನ್ನೇ ಗದರಿಸಿದ.

ಆ ದಿನ ಹೋದವನು ನಾನೊಬ್ಬನೇ. ಬುಟ್ಟಿ ತುಂಬ ಸಜ್ಜೆ ರೊಟ್ಟಿ, ದೊಡ್ಡ ಗಡಿಗೆಯಲ್ಲಿ ಪುಂಡಿಪಲ್ಯ. ಅವನವ್ವ ಮತ್ತೆ ಮತ್ತೆ ಬಾಗಿಲಿಗೆ ಹೋಗಿ ಬರುತ್ತಿದ್ದಳು.

"ಉಳಿದಾವ್ರು ಯಾವಾಗ ಬರ್ತಾರಪ್ಪಾ?"

"ಬಸ್ ತಪ್ಪಿರಬೇಕು, ಯವ್ವಾ" ಎಂದ ಅವನು. ಆಮೇಲೆ ನನ್ನ ಕಡೆ ತಿರುಗಿ, "ಕೋರಂ ಇಲ್ಲಲೇ. ಸಭಿ ನಡ್ಯಂಗಿಲ್ಲ" ಎಂದು ನಕ್ಕ.

"ಅದೇನರ ಇರ್ಲಿ, ರೊಟ್ಟಿ ಆರಾಕತ್ಯಾವ, ಉಣ್ರಿ" ಎಂದಳು ಆಕೆ.

ಅವನು ಧೋತರವನ್ನು ಪೂರ್ತಿ ಹಾಸಿದ್ದ. ಒಂದು ಮೂಲೆಯಲ್ಲಿ ಇಬ್ಬರೇ ಕೂತು ಉಂಡೆವು. ಹೊರಡುವಾಗ ಅವನವ್ವ ಉಳಿದ ರೊಟ್ಟಿಗಳನ್ನೆಲ್ಲ ಗಂಟು ಕಟ್ಟಿ ನನ್ನ ಕೈಗಿಟ್ಟಳು. "ನಿಮ್ಮ ಗೆಳ್ಯಾರಿಗೆ ಮುಟ್ಟಿಸು, ಯಪ್ಪಾ. ಹಸಗೊಂಡು ಎಲ್ಲಿ ನಿಂತಾರೋ ಏನೋ."

ಸಿರವಾರದಲ್ಲಿ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಮೈಯೆಲ್ಲ ಸೋತಿತ್ತು. ಮೊದಲು ಗಿರಣಿಯವನಿರುವ ರಾಯಚೂರಿನ ಬಸ್ಸು ಬಂತು. ಆ ರೊಟ್ಟಿಯನ್ನು ಅವರಿಗೆ ಒಯ್ಯುವ ಮನಸ್ಸಾಗಲಿಲ್ಲ. ಆ ಬಸ್ಸನ್ನು ಹೋಗಲು ಬಿಟ್ಟು ದೇವದುರ್ಗದ ಬಸ್ಸಿಗೆ ಕಾದೆ.