ಬಿಳಿ ಪ್ಯಾಕೆಟ್ಟಿನ ಅಕ್ಕೋರು

ಅಕ್ಕೋರ ಬಲಗೈಯ ಮೂರು ಬೆರಳ ತುದಿಗಳು ಏಪ್ರಿಲ್‌ನಿಂದ ಹಿಡಿದು ಚೌತಿಹಬ್ಬದವರೆಗೂ ಕಪ್ಪುಗೆಂಪಾಗಿಯೇ ಇರುತ್ತಿದ್ದವು. ಸೋಪಿಗಾಗಲಿ ಸೀಗೆಪುಡಿಗಾಗಲಿ ಬಗ್ಗುವ ಬಣ್ಣ ಅದಲ್ಲ, ಪೇಟೆಯವರು ಕೋಕಂ ಎನ್ನುವ ಮುರುಗಲ ಹಣ್ಣಿನದು. ಆ ಬೆರಳುಗಳಿಂದ ಅವರು ಅಂಗಡಿಯ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಒತ್ತಿ ನೋಡುವಾಗ ಪಕ್ಕದಲ್ಲಿದ್ದವರು ಒಮ್ಮೆ ಬೆರಳು ನೋಡಿ, ಒಮ್ಮೆ ಮುಖ ನೋಡಿ ಸ್ವಲ್ಪ ದೂರ ಸರಿಯುತ್ತಿದ್ದರು. ಅವರಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಜಾರಿರುತ್ತಿತ್ತು, ತುಟಿ ಏನನ್ನೋ ಓದಿಕೊಳ್ಳುತ್ತಿತ್ತು.

ನಮ್ಮ ಕೇರಿ ಬಾಳೆಗುಳಿ ಕ್ರಾಸಿನಿಂದ ಒಳಗೆ ಹತ್ತು ನಿಮಿಷದ ದಾರಿ. ಅವರು ಅಲ್ಲಿಯ ಅಂಗನವಾಡಿಯಲ್ಲಿ ಎರಡು ತಲೆಮಾರಿನ ಮಕ್ಕಳ ಮೂಗು ಒರೆಸಿ ನಿವೃತ್ತರಾದವರು. ಹಾಗಾಗಿ ಊರಿಗೆಲ್ಲ ಅವರು ಅಕ್ಕೋರು. ಮದುವೆಯಾಗಿ ಈ ಊರಿಗೆ ಬಂದ ನನಗೂ ಅಕ್ಕೋರು. ನಮ್ಮ ಬೇಲಿಯ ದಣಪೆ ದಾಟಿದರೆ ಅವರ ಅಂಗಳ.

ಹೆದ್ದಾರಿಯ ಬದಿಗೆ ಆ ಅಗ್ಗದ ಅಂಗಡಿ ಶುರುವಾದಾಗ ಊರಿನವರು ಮೂಗು ಮುರಿದಿದ್ದರು. ತೊಗರಿಬೇಳೆಯಿಂದ ಫಿನಾಯಿಲ್‌ವರೆಗೆ ಎಲ್ಲವೂ ಅಂಗಡಿಯದೇ ಬಿಳಿ ಪ್ಯಾಕೆಟ್ಟಿನಲ್ಲಿ, ಅಂಗಡಿಯದೇ ಹೆಸರಿನಲ್ಲಿ. ಟಿವಿಯಲ್ಲಿ ಬರುವ ಹೆಸರುಗಳನ್ನು ಹುಡುಕಿದರೆ ಯಾವುದೋ ಮೂಲೆಯಲ್ಲಿ ಒಂದೆರಡು ಸಿಕ್ಕಾವು. ಸಾಮಾನನ್ನು ಅಂದವಾಗಿ ಜೋಡಿಸುವ ಗೊಡವೆಯೂ ಇಲ್ಲ, ರಟ್ಟಿನ ಪೆಟ್ಟಿಗೆಯ ಬಾಯಿ ಹರಿದು ಹಾಗೆಯೇ ಇಟ್ಟಿರುತ್ತಾರೆ. ಮೂಗು ಮುರಿದವರೆಲ್ಲ ಅಲ್ಲಿಗೇ ಹೋಗುತ್ತಿದ್ದರು ಎನ್ನುವುದು ಬೇರೆ ಮಾತು. ಬರುವಾಗ ಮಾತ್ರ ಬಿಳಿ ಪ್ಯಾಕೆಟ್ಟುಗಳು ಚೀಲದ ತಳಕ್ಕೆ, ಮೇಲೆ ಕಾಣುವಂತೆ ಒಂದು ಹೆಸರಾಂತ ಬಿಸ್ಕತ್ತು. ನಾನೂ ಹಾಗೆ ಮಾಡಿದವಳೇ, ಸುಳ್ಳು ಯಾಕೆ.

ನನ್ನ ಯಜಮಾನರಿಗೆ ಅರ್ಗಾದ ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸವಿತ್ತು. ಗುತ್ತಿಗೆ ಮುಗಿದು ಅವರು ಮನೆಯಲ್ಲಿ ಕೂತ ವರ್ಷ ನನಗೆ ಆ ಬಿಸ್ಕತ್ತು ಕೊಳ್ಳುವುದೂ ಕಷ್ಟವಾಯಿತು. ಅಂಗಡಿಗೆ ಹೋಗುವುದನ್ನೇ ಮುಂದೂಡುತ್ತಿದ್ದೆ. ಒಂದು ಬೆಳಿಗ್ಗೆ ಅಕ್ಕೋರು ದಣಪೆಯ ಆಚೆಯಿಂದಲೇ ಕರೆದರು.

"ತಂಗಿ, ಚೀಲ ತಕಂಡು ಬಾ. ನಾಚ್ಕಿ ಮನೇಲೇ ಇಟ್ಟು ಬಾ. ಅದ್ನ ಹೊತ್ಕಂಡು ಅಷ್ಟು ದೂರ ನಡೂಕೆ ಆಗೂದಿಲ್ಲ."

ಅವತ್ತಿನಿಂದ ಪ್ರತಿ ತಿಂಗಳು ನಾವಿಬ್ಬರೂ ಜೊತೆಯಾಗಿ ಹೋಗುವುದು ರೂಢಿಯಾಯಿತು. ಅಕ್ಕೋರ ಜೊತೆ ಅಂಗಡಿಗೆ ಹೋಗುವುದೆಂದರೆ ಅರ್ಧ ದಿನ ಬರೆದುಕೊಟ್ಟಂತೆ. ಮೊದಲು ಏನನ್ನೂ ಮುಟ್ಟದೆ ಇಡೀ ಅಂಗಡಿ ಒಂದು ಸುತ್ತು. ಎರಡನೇ ಸುತ್ತಿಗೆ ಟ್ರಾಲಿ. ಪ್ಯಾಕೆಟ್ಟು ಎತ್ತಿದರೆ ಅದರ ಮುಂಭಾಗ ಅವರಿಗೆ ಲೆಕ್ಕಕ್ಕೇ ಇಲ್ಲ, ತಿರುಗಿಸಿ ಹಿಂಬದಿಯ ಇರುವೆಯಂಥ ಅಕ್ಷರ ಓದುತ್ತಿದ್ದರು. ಎಲ್ಲಿ ತುಂಬಿದ್ದು, ಯಾವ ತಿಂಗಳು ತುಂಬಿದ್ದು. "ಈ ರವೆ ಹುಬ್ಳಿ ಬದಿಯದು ನೋಡು. ಈ ಸಾಸಿವೆ ಎಲ್ಲಿಂದ ಬಂದದೆ, ಮಾರಾಯ್ತಿ." ಮನೆಗೆ ಬಂದು ರವೆಯ ಪ್ಯಾಕೆಟ್ಟು ಕತ್ತರಿಸಿ ಮೂಸಿ, "ಯಾರೋ ಚಲೋ ಹುರಿದಾರೆ, ಪಾಪ. ಅವರಿಗೆ ಅದ್ನ ಹೇಳೂರು ಯಾರು?" ಎನ್ನುತ್ತಿದ್ದರು. ಹೆಸರುಬೇಳೆಯಲ್ಲಿ ಕಲ್ಲು ಸಿಕ್ಕರೆ ಅದನ್ನು ಕಾಗದದಲ್ಲಿ ಕಟ್ಟಿಕೊಂಡು ಹೋಗಿ ಅಂಗಡಿಯ ಮ್ಯಾನೇಜರಿನ ಮೇಜಿನ ಮೇಲಿಟ್ಟು, "ಇದ್ನ ಆರ್ಸಿದವ್ರಿಗೆ ಒಂದು ಕನ್ನಡಕ ಕೊಡ್ಸಿ" ಎಂದು ಬರುತ್ತಿದ್ದರು. ಬಿಳಿ ಪ್ಯಾಕೆಟ್ಟಿನ ಹಿಂದೆ ಎಲ್ಲೋ ಒಬ್ಬ ಮನುಷ್ಯ ಕೂತಿದ್ದಾನೆ ಎನ್ನುವುದನ್ನು ಅವರು ಒಂದು ದಿನವೂ ಮರೆತದ್ದು ನಾನು ಕಂಡಿಲ್ಲ.

ಹಾಗೆ ನೆನಪಿಡಲು ಅವರಿಗೆ ಕಾರಣವೂ ಇತ್ತು. ಅದೇ ಅಂಗಡಿಯ ಒಣ ಕೋಕಂ ಪ್ಯಾಕೆಟ್ಟಿನೊಳಗಿನ ಮಾಲು ನಮ್ಮದೇ ಆಗಿತ್ತು. ಅಕ್ಕೋರು ನಿವೃತ್ತರಾದ ಮೇಲೆ ಕೇರಿಯ ಹೆಂಗಸರನ್ನು ಸೇರಿಸಿ ಒಂದು ಸಂಘ ಕಟ್ಟಿದ್ದರು. ಹನ್ನೆರಡು ಜನ, ಅವರೂ ಸೇರಿ. ಮುರುಗಲು ಒಣಗಿಸಿ ಪೇಟೆಗೆ ಕೊಡುವುದು ಕೆಲಸ. ಅಂಗಡಿಯವರು ಬಂದು ನೋಡಿ ಮೆಚ್ಚಿ, ಇದ್ದದ್ದೆಲ್ಲ ನಾವೇ ಕೊಳ್ಳುತ್ತೇವೆ, ಆದರೆ ಪ್ಯಾಕೆಟ್ಟೂ ಹೆಸರೂ ನಮ್ಮದು ಎಂದರು. ನಮಗೆಲ್ಲ ಮುಖ ಸಣ್ಣದಾಯಿತು. ಸಂಘಕ್ಕೆ ಚಂದದ ಹೆಸರಿಟ್ಟು ರಬ್ಬರ್ ಸ್ಟ್ಯಾಂಪು ಕೂಡ ಮಾಡಿಸಿಯಾಗಿತ್ತು. ಅಕ್ಕೋರು ಮಾತ್ರ ಕೂಡಲೇ ಒಪ್ಪಿದರು. "ಹೆಸರು ಹಚ್ಕಂಡು ಮಾಲು ಮನೇಲೇ ಉಳಿದ್ರೆ ಎಂತ ಮಾಡೂದು? ಸ್ಟ್ಯಾಂಪು ಮಕ್ಕಳಿಗೆ ಆಡೂಕೆ ಕೊಡಿ."

ಮುರುಗಲ ಕೆಲಸ ಹೊರಗಿನವರಿಗೆ ಸುಲಭವಾಗಿ ಕಾಣುತ್ತದೆ. ಹಣ್ಣು ಒಡೆದು ಬೀಜ ತೆಗೆದು ಸಿಪ್ಪೆ ಒಣಗಿಸಿದರಾಯಿತು ಎಂದುಕೊಳ್ಳುತ್ತಾರೆ. ಹಾಗಲ್ಲ. ಹಣ್ಣಿನ ರಸಕ್ಕೆ ಉಪ್ಪು ಹಾಕಿಟ್ಟು, ಒಣಗಿದ ಸಿಪ್ಪೆಯನ್ನು ಅದೇ ರಸದಲ್ಲಿ ಅದ್ದಿ ಮತ್ತೆ ಬಿಸಿಲಿಗೆ ಹಾಕಬೇಕು. ಒಣಗಿತೋ, ಮತ್ತೆ ಅದ್ದಬೇಕು. ಅಕ್ಕೋರ ಪದ್ಧತಿಯಲ್ಲಿ ಐದು ಸಲ. ಐದಾದ ಮೇಲೆ ಸಿಪ್ಪೆ ಕಪ್ಪಾಗಿ, ಮೆತ್ತಗಾಗಿ, ಬೆರಳಿಗೆ ಅಂಟುತ್ತದೆ. ಅಂಥದ್ದು ಎರಡು ಮಳೆಗಾಲ ಕಳೆದರೂ ಕೆಡುವುದಿಲ್ಲ, ಎರಡು ಎಸಳು ಹಾಕಿದರೆ ಸಾರು ಹುಳಿಯಾಗುತ್ತದೆ. ಮೂರೇ ಸಲ ಅದ್ದಿದ್ದು ನೋಡಲು ಹಾಗೆಯೇ ಇರುತ್ತದೆ, ಆದರೆ ಆಷಾಢದ ಹೊತ್ತಿಗೆ ಬೂಷ್ಟು ಹಿಡಿಯುತ್ತದೆ.

ಯಜಮಾನರು ಇನ್ನೂ ಮನೆಯಲ್ಲೇ ಕೂತಿದ್ದ ಒಂದು ವರ್ಷ, ಮೇ ತಿಂಗಳ ಕೊನೆಗೆ ಮಾಜಾಳಿಯಲ್ಲಿದ್ದ ಅವರ ಮಗಳು ಬಿದ್ದು ಕಾಲು ಮುರಿದುಕೊಂಡಳು. ಅಕ್ಕೋರು ಅಲ್ಲಿಗೆ ಹೋಗುವಾಗ ಕೆಲಸವನ್ನು ನನಗೆ ವಹಿಸಿದರು. ನಾನು ಉಬ್ಬಿಹೋದೆ. ಅವರು ಹೋದ ನಾಲ್ಕನೇ ದಿನಕ್ಕೆ ಸಮುದ್ರದ ಕಡೆಯಿಂದ ಮೋಡ ಕಟ್ಟಿತು. ಅಂಗಡಿಯ ಗಾಡಿ ಸೋಮವಾರ ಬರುವುದಿತ್ತು. ಮೂರು ಅದ್ದು ಮುಗಿದಿತ್ತು. ಇನ್ನೆರಡು ಸಲ ಅದ್ದಿದರೆ ಒಣಗುವುದಿಲ್ಲ, ಗಾಡಿ ಖಾಲಿ ಹೋದರೆ ನನ್ನ ಮನೆಯಲ್ಲಿ ಮಗನ ಶಾಲೆಗೆ ಏನೂ ಇಲ್ಲ. ಉಳಿದವರು ಅನುಮಾನಿಸಿದರು. ಆಗ ನಾನು, "ಅಕ್ಕೋರಿಗೆ ಫೋನ್ ಮಾಡಿದ್ದೆ. ಮೂರು ಸಾಕು ಅಂದ್ರು" ಎಂದೆ. ಫೋನ್ ಮಾಡಿರಲಿಲ್ಲ. ಮಾಲು ಹೋಯಿತು.

ಎರಡು ವಾರ ಬಿಟ್ಟು ಅಕ್ಕೋರು ಬಂದರು, ತಿಂಗಳ ಸಾಮಾನಿಗೆ ಎಂದಿನಂತೆ ನನ್ನನ್ನು ಕರೆದುಕೊಂಡು ಹೋದರು. ಅಕ್ಕಿ, ಬೇಳೆ, ಎಣ್ಣೆ ಎಲ್ಲ ಟ್ರಾಲಿಗೆ ಬಿದ್ದವು. ಕೋಕಂ ಪೆಟ್ಟಿಗೆಯ ಮುಂದೆ ನಿಂತು ಒಂದು ಪ್ಯಾಕೆಟ್ಟು ಎತ್ತಿ ತಿಂಗಳು ನೋಡಿ ಬೆರಳಿಂದ ಒತ್ತಿದರು. ಇನ್ನೊಂದು ಒತ್ತಿದರು. ಒಳಗಿನ ಸಿಪ್ಪೆ ಚರಚರ ಎಂದದ್ದು ನನಗೂ ಕೇಳಿಸಿತು.

"ಎಷ್ಟು ಸಲ ಅದ್ದಿದ್ರಿ?"

"ಐದು, ಅಕ್ಕೋರೇ."

ಅವರು ನನ್ನ ಮುಖ ನೋಡಲಿಲ್ಲ. ಟ್ರಾಲಿಯಲ್ಲಿದ್ದ ಅಕ್ಕಿ, ಬೇಳೆ, ಎಣ್ಣೆಯನ್ನು ಒಂದೊಂದಾಗಿ ಎತ್ತಿ ಅವು ಇದ್ದ ಜಾಗಕ್ಕೇ ಇಟ್ಟು ಬಂದರು. ಆಮೇಲೆ ಆ ತಿಂಗಳಿನ ಕೋಕಂ ಪ್ಯಾಕೆಟ್ಟುಗಳನ್ನೆಲ್ಲ ಟ್ರಾಲಿಗೆ ತುಂಬತೊಡಗಿದರು. ಬಿಲ್ಲಿನ ಹೆಂಗಸು, "ಅಕ್ಕೋರೇ, ಮನೇಲಿ ಕಾರ್ಯ ಅದೆ?" ಎಂದು ಕೇಳಿದಳು. "ಇಲ್ಲ. ಮನೆ ಸಾಮಾನು ಮನೆಗೆ ಒಯ್ತೆ," ಎಂದರು ಅಕ್ಕೋರು.

ಮ್ಯಾನೇಜರು ಎದ್ದು ಬಂದ. ಅಕ್ಕೋರು ಅವನಿಗೆ ಹೇಳಿದ್ದು ಇಷ್ಟು: "ಈ ಸಲದ ಮಾಲು ಸಮ ಇಲ್ಲ. ನಾನು ಊರಲ್ಲಿ ಇರ್ಲಿಲ್ಲ, ತಪ್ಪು ನಂದು. ಮುಂದಿನ ವರ್ಷ ತಕಳ್ಳೂದು ಬಿಡೂದು ನಿಮಗೆ ಬಿಟ್ಟದ್ದು."

"ಯಾರೂ ತಕರಾರು ಮಾಡಿಲ್ಲ ಅಮ್ಮಾ. ಮಾಡಿದರೂ ಹೆಸರು ನಮ್ಮದಲ್ಲವಾ, ನಿಮಗೇನು?"

"ಹೆಸರು ನಿಮ್ದು. ಸಾರು ಉಣ್ಣೂರು ನಮ್ಮೂರಿನವ್ರು."

ತಪ್ಪು ನಂದು ಎಂದು ಅವರು ಹೇಳುವಾಗ ನಾನು ಪಕ್ಕದಲ್ಲಿ ಟ್ರಾಲಿ ಹಿಡಿದುಕೊಂಡು ನಿಂತಿದ್ದೆ. ಬಾಯಿ ತೆರೆಯಲಿಲ್ಲ. ಈ ವಯಸ್ಸಿನವರೆಗೆ ನಾನು ಮಾಡಿದ ಹೇಡಿತನಗಳಲ್ಲಿ ಅದೇ ದೊಡ್ಡದು.

ಮರುದಿನ ಕಾರವಾರಕ್ಕೆ ಹೊರಟೆವು, ಅದೇ ಅಂಗಡಿಯ ಇನ್ನೊಂದು ಶಾಖೆ ಅಲ್ಲಿತ್ತು, ನಮ್ಮ ಮಾಲು ಅಲ್ಲಿಗೂ ಹೋಗಿತ್ತು. ಬಸ್ಸಿನಲ್ಲಿ ಅಕ್ಕೋರು ಕಿಟಕಿಯ ಕಡೆ ಕೂತರು. ಅರ್ಗಾದಲ್ಲಿ ನೌಕಾನೆಲೆಯ ಗೋಡೆ ಶುರುವಾಯಿತು. ಅದರ ಹಿಂದೆ ಅವರ ತವರುಮನೆ ಇತ್ತೆಂದು ನನಗೆ ಗೊತ್ತಿತ್ತು. ನೆಲೆಗೆ ಜಾಗ ಹೋದಾಗ ಆ ಕೇರಿಯೇ ಎದ್ದುಹೋಗಿತ್ತು.

"ಆಯಿ ಅಲ್ಲೇ ಕಲ್ಸಿದ್ದು ನಂಗೆ, ಅದ್ದೂಕೆ," ಎಂದರು, ಗೋಡೆ ನೋಡುತ್ತಲೇ. "ಮನೆ ಹೋಯ್ತು, ಮರ ಹೋಯ್ತು. ಇದೊಂದು ತಕಂಡು ಬಂದೆ."

ನನಗೆ ತಡೆಯಲಾಗಲಿಲ್ಲ. "ಮೂರೇ ಸಲ ಅದ್ದಿದ್ದು, ಅಕ್ಕೋರೇ. ನೀವು ಸಾಕು ಅಂದ್ರಿ ಅಂತ ಎಲ್ಲರಿಗೂ ಸುಳ್ಳು ಹೇಳಿದೆ."

"ಮೂರು ಅಂತ ನಿನ್ನೆ ಒತ್ತಿದಾಗ್ಲೇ ಬೆರಳಿಗೆ ಗೊತ್ತಾಗಿತ್ತು. ನಿನ್ನ ಬಾಯಲ್ಲಿ ಬರ್ಲಿ ಅಂತ ಕಾದೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದ್ರೆ ನನ್ನ ಹೆಸರು ಹೇಳ್ದೆ ಅಂತ ಗೊತ್ತಿರ್ಲಿಲ್ಲ. ಅದ್ನ ನಂಗೆ ಹೇಳಿದ್ರೆ ಆಗ್ಲಿಲ್ಲ. ಸಂಘದವ್ರಿಗೆ ಹೇಳ್ಬೇಕು. ನೀನೇ ಹೇಳ್ಬೇಕು," ಎಂದರು. ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕಾರವಾರದ ಅಂಗಡಿಯಲ್ಲಿ ಪ್ಯಾಕೆಟ್ಟುಗಳನ್ನು ನಾನೇ ತುಂಬಿದೆ, ಚೀಲಗಳನ್ನೂ ನಾನೇ ಹೊತ್ತೆ.

ಸಂಜೆ ಅಕ್ಕೋರ ಜಗಲಿಯಲ್ಲಿ ಎಲ್ಲರೂ ಸೇರಿದಾಗ ಹೇಳಿದೆ. ಎದುರುಮನೆಯ ವೈನಿ, ನನ್ನ ಜೊತೆ ದಿನವೂ ಒಂದೇ ಚಾಪೆಯಲ್ಲಿ ಹಣ್ಣು ಒಡೆಯುತ್ತಿದ್ದವಳು, "ನಾಳೆ ನಿನ್ನ ಯಾವ ಮಾತು ನಂಬೂದು ನಾವು?" ಎಂದಳು. ಪ್ಯಾಕೆಟ್ಟುಗಳನ್ನೆಲ್ಲ ಒಡೆದು, ಉಳಿದಿದ್ದ ರಸದಲ್ಲಿ ಅದ್ದಿ, ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸಿ ಹಂಚಿಕೊಂಡೆವು. ಆ ಮಳೆಗಾಲ ಹನ್ನೆರಡು ಮನೆಯಲ್ಲೂ ದಿನಾ ಮುರುಗಲ ಸಾರು, ಅದರಲ್ಲೂ ಹೊಗೆಯ ಪರಿಮಳದ್ದು. ನನ್ನ ಮಗ ಇವತ್ತಿಗೂ ಅದರ ಹೆಸರೆತ್ತಿದರೆ ಊಟದಿಂದ ಏಳುತ್ತಾನೆ. ಅಂಗಡಿಯವರು ಮುಂದಿನ ಮಾರ್ಚಿನಲ್ಲಿ ಮತ್ತೆ ಕರೆದರು. ಆದರೆ ವೈನಿ ಆ ಇಡೀ ಹಂಗಾಮು ನನಗೆ ಬೆನ್ನು ಮಾಡಿ ಬೇರೆ ಚಾಪೆಯಲ್ಲಿ ಕೂತಳು.

ಅಕ್ಕೋರು ಹೋದ ವರ್ಷ ದೀಪಾವಳಿ ಕಳೆದ ಮೇಲೆ ತೀರಿಕೊಂಡರು. ಕಾರವಾರದ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದರು. ನೋಡಲು ಹೋದವರಿಗೆಲ್ಲ ಅಲ್ಲಿಯ ಗಂಜಿ ಮಾಡುವವರನ್ನು ಹೊಗಳಿ ಕಳಿಸುತ್ತಿದ್ದರು. ಹದಿಮೂರನೇ ದಿನದ ಊಟ ಮುಗಿದ ಮೇಲೆ ಸಂಘದವರು, ಕೊನೆಗೆ ಮಾಲು ಒತ್ತಿ ನೋಡಿ ಹೌದು ಅಲ್ಲ ಎನ್ನುವ ಕೆಲಸವನ್ನು ನನಗೆ ಕೊಟ್ಟರು. ನಾನು ಬೇಡವೆಂದೆ. ಅಕ್ಕೋರು ಆಸ್ಪತ್ರೆಯಲ್ಲಿ ಹಾಗೆ ಹೇಳಿಹೋಗಿದ್ದರಂತೆ. ಯಾಕೆ ನನಗೇ ಎಂದು ಅವರನ್ನು ಕೇಳಲು ಈಗ ಉಪಾಯವಿರಲಿಲ್ಲ.

ಈ ಮೇ ತಿಂಗಳಲ್ಲಿ ಮಳೆ ಬೇಗ ಹಿಡಿಯಿತು. ಎರಡೇ ಅದ್ದು ಆಗಿತ್ತು. ಗಾಡಿ ಬರುವ ದಿನ ಹತ್ತು ಜನ ಅಂಗಳದ ಚಪ್ಪರದಡಿ ನಿಂತು ನನ್ನನ್ನೇ ನೋಡುತ್ತಿದ್ದರು. ಒಬ್ಬಳ ಮಗಳಿಗೆ ಕಾಲೇಜು ಸೇರುವುದಿತ್ತು, ಇನ್ನೊಬ್ಬಳ ಮಾಡು ಸೋರುತ್ತಿತ್ತು. ನಾನು ಸಿಪ್ಪೆ ಒತ್ತಿ ನೋಡಿದೆ. ಒಮ್ಮೆ ಅಲ್ಲ, ನಾಲ್ಕು ಕಡೆ ಒತ್ತಿದೆ. ಆಮೇಲೆ ಎಲ್ಲರೆದುರಿಗೇ ಅಂಗಡಿಗೆ ಫೋನ್ ಮಾಡಿ, ಈ ವರ್ಷ ನಮ್ಮ ಮಾಲು ಇಲ್ಲ, ಆಗಲಿಲ್ಲ ಎಂದು ಹೇಳಿದೆ.

ಬೈಗುಳಕ್ಕೆ ಕಾದು ನಿಂತೆ. ಯಾರೂ ಸಿಪ್ಪೆ ಮುಟ್ಟಿ ನೋಡಲಿಲ್ಲ, ಯಾರೂ ಹೌದಾ ಎಂದು ಮರಳಿ ಕೇಳಲಿಲ್ಲ. ವೈನಿ ಮುಂದೆ ಬಂದು ಸಿಪ್ಪೆ ಹರವಿದ್ದ ಚಾಪೆಯ ಒಂದು ತುದಿ ಹಿಡಿದಳು. "ನಿಂತ್ಕಂಡೆ ಎಂತಕೆ? ಆ ಬದಿ ಹಿಡಿ, ಒಳಗೆ ಎಳೂವ," ಎಂದಳು. ನನ್ನ ಮಾತನ್ನು ಅವಳು ನಂಬಿದ್ದಳು. ಅಕ್ಕೋರು ನನಗೆ ಬಿಟ್ಟುಹೋದದ್ದು ಇದು, ಇದರ ಋಣ ತೀರಿಸುವ ದಾರಿ ನನಗೆ ತಿಳಿಯದು. ನಾನು ಅಳುತ್ತಲೇ ಆ ಬದಿ ಹಿಡಿದೆ.