ಬಾಳೆಯ ಬುಡದ ಸರಳು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಇನ್ನೂ ಒಂದು ವರ್ಷವಿತ್ತು. ರಾಯದುರ್ಗದ ಪ್ರವಾಸಿ ಬಂಗಲೆಯಲ್ಲಿ ಮೂರು ದಿನ ಇಂಜಿನಿಯರುಗಳ ಸಭೆ. ಹಗಲೆಲ್ಲ ಕೆರೆ, ಕಾಲುವೆ, ಹಗರಿ ಹೊಳೆಯ ಮಾತು. ಎರಡನೆಯ ದಿನದ ಸಂಜೆಯನ್ನು ಮಾತ್ರ ರೇಡಿಯೊ ಹುಚ್ಚಿನವರಿಗೆ ಬಿಟ್ಟಿದ್ದರು. ಬಂದ ಹದಿನೆಂಟು ಮಂದಿಯಲ್ಲಿ ಆರು ಜನ ಮನೆಯಲ್ಲೇ ಯಂತ್ರ ಕಟ್ಟಿಕೊಂಡು, ತಂತಿ ಕಚೇರಿಯವರಂತೆ ಕೀಲಿ ಕುಟ್ಟಿ, ದೂರದೂರಿನ ಗೆಳೆಯರೊಡನೆ ಉದ್ದ ಗಿಡ್ಡ ಸದ್ದುಗಳಲ್ಲಿ ಮಾತಾಡುವವರು. ಆ ಸಂಜೆಯ ಬಂದೋಬಸ್ತು ಊರಿನ ಓವರ್ಸಿಯರ್ ಮರುಳಸಿದ್ದಪ್ಪನದು. ಚಹಾ, ತಿಂಡಿಯ ಏರ್ಪಾಡು ಮಾಡಲಾಗುವುದು ಎಂದು ಅವನು ಕಾಗದದಲ್ಲಿ ಬರೆದು ಕಳಿಸಿದ್ದ. ಮಾಡಲಾಗುವುದು ಎಂದರೆ ಬಸಲಿಂಗಮ್ಮ ಮಾಡುವುದು. ಅದನ್ನು ಆ ಮನೆಯಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಬಸಲಿಂಗಮ್ಮ ಮಡಕಶಿರಾದ ಬಟ್ಟೆ ಅಂಗಡಿಯವರ ಮಗಳು. ಮೂರನೆಯ ತರಗತಿಯವರೆಗೆ ಓದಿ, ಹದಿನಾಲ್ಕಕ್ಕೆ ಮದುವೆಯಾಗಿ ಇಲ್ಲಿಗೆ ಬಂದು ಹದಿನೇಳು ವರ್ಷವಾಗಿತ್ತು. ನೀರು ಸೇದುವುದು, ಬೀಸುವುದು, ಬೇಯಿಸುವುದು, ತೊಳೆಯುವುದು, ಮತ್ತೆ ನೀರು ಸೇದುವುದು. ಇದರ ನಡುವೆ ಅವಳದೆನ್ನುವ ಹೊತ್ತು ಸಂಜೆ ಆರೂವರೆಯಿಂದ ಏಳೂವರೆಯವರೆಗೆ. ಗಂಡ ಯಂತ್ರದ ಮುಂದೆ ಕೂರುತ್ತಿದ್ದ. ಅವಳು ಗೋಡೆಯ ಈಚೆ ಮೊರ ಹಿಡಿದು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೇಳುತ್ತಿದ್ದಳು. ಯಾವ ಅಕ್ಷರಕ್ಕೆ ಯಾವ ಸದ್ದು ಎಂಬ ಪಟ್ಟಿಯನ್ನು ಅವನು ಬೀಸುವ ಕಲ್ಲಿನ ಮೇಲಿನ ಗೋಡೆಗೆ ಅಂಟಿಸಿದ್ದ, ಒದ್ದೆಯಾಗದ ಗೋಡೆ ಮನೆಯಲ್ಲಿ ಅದೊಂದೇ ಎಂದು. ದಿನಕ್ಕೆರಡು ಹೊತ್ತು ಬೀಸುವಾಗ ಕಣ್ಣು ಅದರ ಮೇಲೇ ಇರುತ್ತಿತ್ತು. ಅವರು ಆಡುವ ಮಾತೂ ಹೆಚ್ಚಲ್ಲ, ಹತ್ತಿಪ್ಪತ್ತು ಗಿಡ್ಡ ಪದಗಳೇ ಸುತ್ತಿ ಸುತ್ತಿ ಬರುತ್ತಿದ್ದವು. ಒಂದು ಸಂಜೆ ಮೈಸೂರಿನ ಗೆಳೆಯ ಅಲ್ಲಿ ಮಳೆ ಎಂದದ್ದು, ಗಂಡ ಎದ್ದು ಬಂದು ಹೇಳುವ ಮೊದಲೇ ಅವಳಿಗೆ ತಿಳಿಯಿತು. ಮೊರ ಅಲ್ಲೇ ನಿಂತಿತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಗಂಡ ಬಂದವರ ಮುಂದೆಲ್ಲ ಅವಳನ್ನು ನಿಲ್ಲಿಸಿ ಕೇಳಿಸುತ್ತಿದ್ದ. ಹಾಗಾದರೆ ಅದು ಅವಳದಾಗಿ ಉಳಿಯುತ್ತಿರಲಿಲ್ಲ.

ಈಗ ಅದಕ್ಕೇ ಸಂಚಕಾರ ಬಂದಿತ್ತು. ಸರ್ಕಾರದ ಕ್ವಾರ್ಟರ್ಸಿಗೆ ತಂತಿ ಕಟ್ಟಿದ್ದಾನೆ ಎಂದು ಯಾರೋ ಅರ್ಜಿ ಹಾಕಿದ್ದರು. ದೊಡ್ಡ ಇಂಜಿನಿಯರು, ಆ ಸಂಜೆ ನಾನೇ ನೋಡುತ್ತೇನೆ, ಮೈಸೂರಿನವರೊಡನೆ ಮಾತಾಡಿ ತೋರಿಸಲಿ, ಇಲ್ಲದಿದ್ದರೆ ಬಿಚ್ಚಿಡಲಿ ಎಂದಿದ್ದರು. ಗಂಡನಿಗೆ ಹೋಗುವುದು ಒಂದು ಯಂತ್ರ, ಅವನಿಗೆ ಕಚೇರಿಯಿದೆ, ಕಟ್ಟೆಯಿದೆ. ತನಗೆ ಉಳಿಯುವುದೇನು ಎಂದು ಬಸಲಿಂಗಮ್ಮ ನಾಲ್ಕು ದಿನದಿಂದ ಎಣಿಸುತ್ತಿದ್ದಳು.

ಆ ದಿನ ಬೆಳಗಿನಿಂದಲೇ ಯಂತ್ರ, ಬ್ಯಾಟರಿ, ಗಂಟಲು ದೊಡ್ಡದಾದ ಸ್ಪೀಕರು ಎಲ್ಲವೂ ಗಾಡಿಯಲ್ಲಿ ಬಂಗಲೆಗೆ ಹೋದವು. ಹಿಂದಿನ ಗಾಡಿಯಲ್ಲಿ ಬಾಣಲೆ, ಕೊಪ್ಪರಿಗೆ, ಮಂಡಕ್ಕಿ ಚೀಲ, ಬಸಲಿಂಗಮ್ಮ, ಪಾತ್ರೆ ತೊಳೆಯುವ ಬೊಮ್ಮಕ್ಕ. ಹದಿನೆಂಟು ಜನರಿಗೆ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ, ಎರಡು ಸಲ ಚಹಾ. ಮಂಡಕ್ಕಿ ನೆನೆಸಿ ಹಿಂಡಿದ ನೀರು, ತರಕಾರಿ ತೊಳೆದ ನೀರು, ಪಾತ್ರೆ ತೊಳೆದ ಮುಸುರೆ ಎಲ್ಲ ಸೇರಿ ಮಧ್ಯಾಹ್ನದ ಹೊತ್ತಿಗೆ ನಾಲ್ಕು ಕೊಪ್ಪರಿಗೆ ತುಂಬಿದವು. ಮರುಳಸಿದ್ದಪ್ಪ ಬಾಗಿಲಲ್ಲಿ ಇಣುಕಿ, ಅಂಗಳಕ್ಕೆ ಒಂದು ಹನಿ ಬೀಳಕೂಡದು, ಸಾಹೇಬರ ಕಣ್ಣಿಗೆ ಮುಸುರೆ ಕಾಣಬಾರದು ಎಂದು ಹೇಳಿ ಹೋದ.

“ನಾಕು ಕೊಪ್ಪರಿಗಿ ಮಡಿಲಾಗ ಇಟ್ಕಂಡು ಕುಂದ್ರಾಣೇನ್ರಿ ಅಮ್ಮಾರೆ?” ಎಂದಳು ಬೊಮ್ಮಕ್ಕ.

ಬಸಲಿಂಗಮ್ಮ ನಗಲಿಲ್ಲ. ಬಜ್ಜಿ ಹಿಟ್ಟು ನೀರಾಯಿತೇ, ಚಹಾ ಸೊಪ್ಪು ಸಾಕಾಗುತ್ತದೆಯೇ, ಬ್ಯಾಟರಿ ಗಾಡಿಯ ಕುಲುಕಿಗೆ ಕೆಟ್ಟಿತೇ. ಒಂದು ಚಿಂತೆ ಮುಗಿಯುವ ಮೊದಲು ಇನ್ನೊಂದು ಬಂದು ಕೂರುತ್ತಿತ್ತು.

ಆರೂವರೆಗೆ ಎಲ್ಲರೂ ಹಜಾರದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಮರುಳಸಿದ್ದಪ್ಪ ಕೀಲಿ ಕುಟ್ಟಿ ಮೈಸೂರನ್ನು ಕರೆದ. ಸ್ಪೀಕರಿನಲ್ಲಿ ಗೊರಗೊರ. ಅದರ ಅಡಿಯಿಂದ ಸಣ್ಣಗೆ ಒಂದು ಸದ್ದು ಬಂತು. ಅಡಿಗೆಮನೆಯಲ್ಲಿ ಬಸಲಿಂಗಮ್ಮ ಬಜ್ಜಿಯ ಜಾಲರಿಯನ್ನು ಎತ್ತಿ ಹಿಡಿದು ನಿಂತಳು. ಕೊನೆಯ ಅಕ್ಷರವನ್ನು ಕೊಂಚ ಎಳೆಯುವ ಆ ಕೈ ಮೈಸೂರಿನವರದೇ. ಎಲ್ಲಿದ್ದೀರಿ, ಕೇಳುತ್ತಿಲ್ಲ, ಎಲ್ಲಿದ್ದೀರಿ ಎಂದು ಅವರು ಕೇಳುತ್ತಿದ್ದರು. ಅಂದರೆ ಅವರ ಮಾತು ಇಲ್ಲಿಗೆ ಬರುತ್ತಿದೆ, ಇಲ್ಲಿಯದು ಅಲ್ಲಿಗೆ ಮುಟ್ಟುತ್ತಿಲ್ಲ.

ಹಜಾರದಲ್ಲಿ ಆರೂ ಜನ ಒಟ್ಟಿಗೆ ಎದ್ದರು. ಒಬ್ಬರು ಸುರುಳಿ ತಿರುಗಿಸಿದರು, ಒಬ್ಬರು ಬ್ಯಾಟರಿಯ ತಂತಿ ಕಿತ್ತು ಸಿಕ್ಕಿಸಿದರು, ಇನ್ನೊಬ್ಬರು ಮೇಲೆ ಕಟ್ಟಿದ ತಂತಿ ಗಿಡಕ್ಕೆ ತಾಗಿದೆ ಎಂದು ಹೊರಗೆ ಓಡಿದರು. ದೊಡ್ಡ ಇಂಜಿನಿಯರು ಗಡಿಯಾರ ತೆಗೆದು ನೋಡಿದರು. ಮೈಸೂರಿನವರು ಏಳು ಗಂಟೆಯವರೆಗೆ ಮಾತ್ರ ಕಾಯುವುದಾಗಿ ಬರೆದಿದ್ದರು.

ಬಸಲಿಂಗಮ್ಮನ ಕಣ್ಣು ಕಿಟಕಿಯಾಚೆಗೆ ಹೋಯಿತು. ಯಂತ್ರದಿಂದ ಇಳಿದ ಅರ್ತಿಂಗ್ ತಂತಿ ಅಲ್ಲಿ ನೆಲಕ್ಕೆ ಹೊಡೆದ ಕಬ್ಬಿಣದ ಸರಳನ್ನು ಸೇರುತ್ತಿತ್ತು. ಸುತ್ತ ಗುಡಿಸಿ ನುಣುಪು ಮಾಡಿದ ಒಣ ಗರಸು ಮಣ್ಣು. ಮನೆಯಲ್ಲಿ ಆ ಸರಳು ಇದ್ದದ್ದು ಹಿತ್ತಲ ಬಾಳೆಯ ಬುಡದಲ್ಲಿ. ಉಂಡದ್ದು ಪ್ರಸಾದ, ಅದರ ನೀರು ಕಾಲು ತುಳಿಯುವಲ್ಲಿ ಬೀಳಬಾರದು ಎಂದು ಅತ್ತೆ ಕಲಿಸಿದ್ದರಿಂದ, ಹದಿನೇಳು ವರ್ಷ ಮೂರು ಹೊತ್ತಿನ ಮುಸುರೆಯನ್ನೂ ಅವಳು ಅಲ್ಲಿಗೇ ಹೊತ್ತು ಸುರಿದಿದ್ದಳು. ಅಗೆಯಲು ಮೆತ್ತಗಿದೆ ಎಂದು ಗಂಡ ಸರಳನ್ನು ಅಲ್ಲಿ ಹೊಡೆದಿದ್ದ. ಯಾಕೆ ಮೆತ್ತಗಿದೆ ಎಂದು ಅವನು ಯೋಚಿಸಿರಲಿಲ್ಲ. ಅವಳು ಎರಡು ದಿನ ಜ್ವರದಿಂದ ಮಲಗಿ ಆ ಬುಡಕ್ಕೆ ನೀರು ಬೀಳದಿದ್ದಾಗ ಮೈಸೂರು ಸಿಗದೆ ಅವನು ಬ್ಯಾಟರಿಯನ್ನು ಬೈದದ್ದು ಅವಳಿಗೆ ನೆನಪಾಯಿತು.

ಅವಳು ಸೆರಗು ಸರಿಮಾಡಿಕೊಂಡು ಹಜಾರದ ಬಾಗಿಲಿಗೆ ಹೋದಳು. ಗಂಡ ಬೆವರು ಒರೆಸುತ್ತ ಬಂದ.

“ಚಾ ಆಮ್ಯಾಗ.”

“ಚಾ ಅಲ್ರಿ. ಸರಳಿಗೆ ನೀರು ಬೇಕು.”

“ಒಂದು ಚೆಂಬು ಹಾಕಿಸೀನಿ. ನೀ ಒಳಗ ಹೋಗು, ಎಲ್ಲಾರೂ ನೋಡಾಕತ್ಯಾರ.”

ಅವಳು ಒಳಗೆ ಹೋದಳು. ಸುರಿದರೆ ಸಾಹೇಬರ ಅಂಗಳ ಮುಸುರೆಯಾಗುತ್ತದೆ. ಅದರಿಂದಲೂ ಆಗದಿದ್ದರೆ, ಹೆಂಗಸು ಕೈ ಹಾಕಿ ಕೆಡಿಸಿದಳು ಎಂಬ ಮಾತು ಸಾಯುವವರೆಗೂ ಉಳಿಯುತ್ತದೆ. ಸುರಿಯದಿದ್ದರೆ ಏಳು ಗಂಟೆ ಆಗಿಯೇ ಆಗುತ್ತದೆ.

“ಬೊಮ್ಮಕ್ಕ, ಆ ಕಡೆ ಹಿಡಿ,” ಎಂದಳು.

ಇಬ್ಬರೂ ಹಿಂಬಾಗಿಲಿನಿಂದ ಮೊದಲ ಕೊಪ್ಪರಿಗೆ ಹೊತ್ತು ತಂದು ಸರಳಿನ ಬುಡಕ್ಕೆ ಸುರಿದರು. ನೆಲ ಚೊಯ್ಯೆಂದು ಕುಡಿಯಿತು. ಎರಡನೆಯದು, ಉಪ್ಪುಪ್ಪಾದ ಮಂಡಕ್ಕಿ ನೀರು. ಮೂರನೆಯದಕ್ಕೆ ಜವಾನ ಓಡಿಬಂದು ಅಮ್ಮಾ, ಅಮ್ಮಾ ಎನ್ನುತ್ತ ನಿಂತ. ಬೊಮ್ಮಕ್ಕ ಅವನ ಕೈಗೂ ಒಂದು ಬದಿ ಕೊಟ್ಟಳು. ನಾಲ್ಕನೆಯದು ಮುಗಿಯುವಾಗ ಬಸಲಿಂಗಮ್ಮನ ಪಾದ ಕೆಸರಿನಲ್ಲಿ ಹೂತಿತ್ತು. ಕಿಟಕಿಯೊಳಗೆ ಗೊರಗೊರ ಇಳಿದಿತ್ತು. ಗಂಡ ಹಜಾರದ ಕಿಟಕಿಯಿಂದ ಇಣುಕಿ ಕೆಸರು ನೋಡಿದ, ಕೀಲಿ ಮತ್ತೊಮ್ಮೆ ಮೈಸೂರನ್ನು ಕರೆಯಿತು.

ಈಗ ಸಿಕ್ಕಿರಿ, ಚೆನ್ನಾಗಿ ಕೇಳುತ್ತಿದೆ ಎಂದಿತು ಮೈಸೂರು.

ಹಜಾರದಲ್ಲಿ ಚಪ್ಪಾಳೆ. ಹೊಳೆ ತುಂಬಿದಾಗ ಇಂಥದೊಂದು ಊರಲ್ಲಿರುವುದು ಒಳ್ಳೆಯದೇ, ಇರಲಿ ಎಂದು ದೊಡ್ಡ ಇಂಜಿನಿಯರು ಹೇಳಿದ್ದು ಕೇಳಿಸಿತು. ಬಸಲಿಂಗಮ್ಮ ಗೋಡೆಗೆ ಒರಗಿದಳು. ಮೈಸೂರಿನವರು, ಏನು ಮಾಡಿದಿರಿ ಎಂದು ಕೇಳುತ್ತಿದ್ದರು. ಕೀಲಿ ಉತ್ತರ ಕೊಟ್ಟಿತು: ನಾನು ನೆಲಕ್ಕೆ ನೀರು ಹಾಕಿದೆ.

ಅವಳು ಕಾಲು ತೊಳೆದುಕೊಂಡು ಎರಡನೆಯ ಚಹಾಕ್ಕೆ ನೀರಿಟ್ಟಳು.

ಸಭೆ ಮುಗಿದು ಯಂತ್ರ ಮನೆಗೆ ಬಂತು. ಎರಡು ದಿನ ಮನೆಯವರೆಲ್ಲ ಬಂಗಲೆಯಲ್ಲೇ ಇದ್ದುದರಿಂದ ಬಾಳೆಯ ಬುಡ ಬಿರುಕು ಬಿಟ್ಟಿತ್ತು. ಮನೆಗೆ ಬಂದ ಮಧ್ಯಾಹ್ನದ ಮುಸುರೆಯನ್ನೂ ಬಸಲಿಂಗಮ್ಮ ತೊಟ್ಟಿಯಲ್ಲೇ ಬಿಟ್ಟಳು. ಆರೂವರೆಗೆ ಮರುಳಸಿದ್ದಪ್ಪ ಕೀಲಿ ಕುಟ್ಟಿದ, ಗೊರಗೊರ ಬಂತು. ಅವನು ತಿರುಗಿ ನೋಡಿದ.

“ಇವತ್ತು ನೀರು ಹಾಕಿಲ್ಲೇನು?”

“ಮೈಸೂರಿನೋರ್ಗೆ ನೀವೇ ಹಾಕಿದ್ದು ಅಂದ್ರಲ್ಲ.”

ಅವನು ಕೀಲಿಯನ್ನು ನೋಡಿದ, ಅವಳನ್ನು ನೋಡಿದ. “ನಿನಗ ತಿಳಿತೈತೇನು ಅದು?”

“ನಾಲ್ಕು ವರ್ಷ ಆಯ್ತು.”

ಮರುಳಸಿದ್ದಪ್ಪ ಕೀಲಿಯಿಂದ ಕೈ ತೆಗೆದ. ಆಮೇಲೆ ಎದ್ದು, ಪಂಚೆ ಮೇಲೆ ಕಟ್ಟಿ, ಕೊಡ ತೆಗೆದುಕೊಂಡು ಹಿತ್ತಲಿಗೆ ಹೋದ. ಬಸಲಿಂಗಮ್ಮ ಅವನ ಕುರ್ಚಿಯಲ್ಲಿ ಕೂತು, ಕಿವಿಗೆ ಹಾಕಿಕೊಳ್ಳುವುದನ್ನು ಮೊದಲ ಸಲ ಹಾಕಿಕೊಂಡಳು. ಕೀಲಿ ಮುಟ್ಟಲಿಲ್ಲ, ಲೈಸೆನ್ಸು ಅವನ ಹೆಸರಿನದು.

“ಬಂತೇನು?” ಎಂದ ಅವನು ಹೊರಗಿನಿಂದ.

“ಇನ್ನೊಂದು ಕೊಡ ಹಾಕ್ರಿ.”

ಹಾಕಿದ. ಮತ್ತೆ ಕೇಳಿದ. ಇನ್ನೊಂದು ಹಾಕ್ರಿ ಎಂದಳು. ಮೊದಲ ಕೊಡಕ್ಕೇ ಮೈಸೂರು ಬಂದಿತ್ತು. ಕೊನೆಯ ಅಕ್ಷರ ಎಳೆಯುತ್ತ, ನಿಮ್ಮಲ್ಲಿ ಎಲ್ಲ ಕ್ಷೇಮವೇ ಎಂದು ಕೇಳುತ್ತಿತ್ತು.